ಒಂದು ಚದರಡಿ ನೆಲಕ್ಕೆ ಪಹಣಿ ಎಲ್ಲಿದೆ?

ಲಂಡನ್ನಿನಲ್ಲಿ ಕೆಲಸಕ್ಕಿರುವ ಮಗ ಹೊಸಪೇಟೆಯ ಅಪ್ಪನ ಅರವತ್ತನೇ ಹುಟ್ಟುಹಬ್ಬಕ್ಕೆ ಸ್ಕಾಟ್ಲೆಂಡಿನ ಒಂದು ಚದರಡಿ ನೆಲ ಕೊಂಡು ಕಳಿಸಿದ ಎಂದುಕೊಳ್ಳಿ. ದಪ್ಪ ಕಾಗದದ ಪ್ರಮಾಣಪತ್ರ, ಕೆಂಪು ಮೊಹರು, ತುಂಡಿನ ನಂಬರು, ಅಪ್ಪನ ಹೆಸರಿಗೆ ಮೊದಲು 'ಲಾರ್ಡ್'. ಅಮ್ಮನಿಗಾದರೆ 'ಲೇಡಿ'. ಅದನ್ನು ಬಿಡಿಸಿ ನೋಡಿದ ಅಪ್ಪ ಕೇಳುವ ಮೊದಲ ಮಾತು, "ಇದರ ಪಹಣಿ ಎಲ್ಲೈತಪ್ಪಾ?"

ಕೇಳಬೇಕಾದದ್ದೇ ಅದು. ಪಹಣಿ ಇಲ್ಲ, ಮುಂದೆ ಬರುವುದೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಜಮೀನಿನ ಒಡೆತನ ಕೈ ಬದಲಾಗುವುದು ಸರ್ಕಾರಿ ಭೂ ದಾಖಲೆಯಲ್ಲಿ ಹೆಸರು ಏರಿದಾಗ. ನೆನಪಿಗಾಗಿ ಕೊಳ್ಳುವ ತುಂಡುಗಳನ್ನು ಆ ದಾಖಲೆಯಿಂದ ಹೊರಗಿಡಬೇಕೆಂದು 1979ರ ಕಾಯ್ದೆಯೇ ಹೇಳಿತ್ತು. 2012ರ ಭೂ ನೋಂದಣಿ ಕಾಯ್ದೆ ಅದನ್ನು ಉಳಿಸಿಕೊಂಡಿತು. ಅಳತೆಯಲ್ಲಿ ತೀರಾ ಸಣ್ಣದು, ಬಳಕೆಗೆ ಬಾರದ್ದು, ಬರೀ ನೆನಪಿಗೋ ಅಭಿಮಾನಕ್ಕೋ ಬಿಟ್ಟರೆ ಬೇರೆಯಾಗಿ ಯಾರೂ ಬಯಸದಂಥದ್ದು ಎಂದು ಕಾಯ್ದೆ ಇಂಥ ತುಂಡನ್ನು ಗುರುತಿಸುತ್ತದೆ. ಅರ್ಜಿ ಬಂದರೆ ನೋಂದಣಿ ಅಧಿಕಾರಿ ತಿರಸ್ಕರಿಸಲೇಬೇಕು. ಹಾಗಾಗಿ ಎಸ್ಟೇಟು ಪೂರ್ತಿ ಮೂಲ ಒಡೆಯರ ಹೆಸರಿನಲ್ಲೇ ಇರುತ್ತದೆ. ಕೊಂಡವರ ಕೈಯಲ್ಲಿ ಉಳಿಯುವುದು ಮಾರಿದವರ ಜೊತೆಗಿನ ಒಂದು ಒಪ್ಪಂದ ಮಾತ್ರ.

ಬಿರುದು ಇನ್ನೂ ತೆಳುವಾದದ್ದು. ಸ್ಕಾಟ್ ನುಡಿಯಲ್ಲಿ 'ಲೇರ್ಡ್' ಎಂದರೆ ದೊಡ್ಡ ಜಮೀನಿನ ಒಡೆಯ. ನಮ್ಮಲ್ಲಿ 'ಸಾಹುಕಾರ್ರು' ಎಂದ ಹಾಗೆ ಸುತ್ತಲಿನವರು ಬಾಯಿಮಾತಿನಲ್ಲಿ ಕರೆಯುವ ಹೆಸರು ಅದು. ಮಾರುವವರು ಅದನ್ನೇ ಲಾರ್ಡ್, ಲೇಡಿ ಎಂದು ತಿರುಗಿಸಿಕೊಂಡಿದ್ದಾರೆ. ವಂಶಲಾಂಛನಗಳ ವಿಚಾರ ನೋಡುವ ಅಲ್ಲಿನ ಲಾರ್ಡ್ ಲಯನ್ ನ್ಯಾಯಾಲಯದ ನಿಲುವು ಸ್ಪಷ್ಟ: ಲೇರ್ಡ್ ಎಂಬುದು ಕುಲೀನ ಪದವಿಯಲ್ಲ, ನೆನಪಿನ ತುಂಡಿನ ಬಲದಿಂದ ಲಾಂಛನ ಕೇಳಲೂ ಬರುವುದಿಲ್ಲ.

ಈ ವ್ಯಾಪಾರ ಹೊಸದೇನಲ್ಲ. 1955ರಲ್ಲಿ ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ ತನ್ನ ತಿಂಡಿಯ ಡಬ್ಬಿಗಳಲ್ಲಿ ಕೆನಡಾದ ಯೂಕಾನ್ ಪ್ರದೇಶದ ಒಂದೊಂದು ಚದರ ಅಂಗುಲ ನೆಲದ ಪತ್ರ ಇಟ್ಟು ಹಂಚಿತು. ಒಟ್ಟು ನೆಲ 19.11 ಎಕರೆ, ಪತ್ರಗಳು 2.1 ಕೋಟಿ. ಒಂದೂ ನೋಂದಣಿಯಾಗಿರಲಿಲ್ಲ. 37 ಡಾಲರ್ 20 ಸೆಂಟ್ ಕಂದಾಯ ಬಾಕಿ ಉಳಿದು 1965ರಲ್ಲಿ ಕೆನಡಾ ಸರ್ಕಾರ ಆ ನೆಲವನ್ನು ವಾಪಸ್ ಪಡೆಯಿತು. ಅಷ್ಟೂ ಪತ್ರಗಳು ಬರೀ ಕಾಗದವಾದವು.

ಹಂಪಿಯ ಸುತ್ತ ಬೆಳೆದವರಿಗೆ ಇಂಥ ಪತ್ರಗಳ ಕೊರತೆ ಬೇಗ ಕಾಣುತ್ತದೆ. ನಮ್ಮ ಕಡೆಯ ದಾನಶಾಸನಗಳನ್ನು ಓದಿ ನೋಡಿ. ನೆಲ ಕೊಟ್ಟರೆ ನಾಲ್ಕು ದಿಕ್ಕಿನ ಎಲ್ಲೆ ಬರೆಯುತ್ತಿದ್ದರು, ಮುದ್ರೆ ಕಲ್ಲು ನೆಡುತ್ತಿದ್ದರು. ಜೊತೆಗೆ ಅಷ್ಟಭೋಗ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿಯ ಸಂಪತ್ತು, ನೀರು, ಕಲ್ಲು, ಇಂದಿನ ಆದಾಯ, ಮುಂದಿನ ಆದಾಯ, ಉತ್ತ ಹೊಲ, ಇನ್ನು ಉಳಬಹುದಾದ ಬೀಳು, ಎಲ್ಲವೂ ಸೇರಿದರೆ ಮಾತ್ರ ಪೂರ್ತಿ ಸ್ವಾಮ್ಯ. ಸ್ಕಾಟ್ಲೆಂಡಿನ ಚದರಡಿಯನ್ನು ಈ ಎಂಟರ ಮುಂದೆ ಇಟ್ಟರೆ ಒಂದೂ ಹೊಂದುವುದಿಲ್ಲ.

ಪದವಿಯಂತೂ ದುಡಿಮೆಗೆ ಕಟ್ಟಿದ್ದಾಗಿತ್ತು. ವಿಜಯನಗರದ ಅಮರನಾಯಕರು ಸೀಮೆಯನ್ನು ಅನುಭವಿಸಬೇಕಾದರೆ ರಾಯರಿಗೆ ಕಾಣಿಕೆ ಸಲ್ಲಿಸಬೇಕು, ಗೊತ್ತುಪಡಿಸಿದಷ್ಟು ಕಾಲಾಳು ಕುದುರೆಗಳನ್ನು ಸಾಕಬೇಕು. ಪೋರ್ಚುಗೀಸ್ ಪ್ರವಾಸಿ ನೂನಿಜ್ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇನ್ನು ಸಂಡೂರಿನ ಘೋರ್ಪಡೆಯವರ ಚರಿತ್ರೆ ನೋಡಿ. ಬ್ರಿಟಿಷರು ಜಹಗೀರಿಗೆ ಸನದು ಕೊಟ್ಟದ್ದು 1826ರಲ್ಲಿ, 'ರಾಜಾ' ಎಂಬ ಬಿರುದು ಬಂದದ್ದು 1876ರಲ್ಲಿ. ನೆಲ ಮೊದಲು, ಬಿರುದು ಐವತ್ತು ವರ್ಷದ ಮೇಲೆ! 1949ರಲ್ಲಿ ಸಂಸ್ಥಾನ ಮದರಾಸು ಪ್ರಾಂತದಲ್ಲಿ ಸೇರಿತು. 1971ರ 26ನೇ ತಿದ್ದುಪಡಿ ದೇಶದ ಎಲ್ಲ ಅರಸರ ಮಾನ್ಯತೆಯನ್ನೂ ರಾಜಧನವನ್ನೂ ರದ್ದು ಮಾಡಿತು. ಸಂವಿಧಾನದ 18ನೇ ವಿಧಿಯಂತೂ ಮೊದಲಿನಿಂದಲೂ ಇದೆ: ಸೈನಿಕ ಮತ್ತು ವಿದ್ಯಾ ಪದವಿಗಳನ್ನು ಬಿಟ್ಟು ಸರ್ಕಾರ ಯಾರಿಗೂ ಬಿರುದು ಕೊಡುವಂತಿಲ್ಲ, ವಿದೇಶಿ ಸರ್ಕಾರದಿಂದ ನಾಗರಿಕರು ಪಡೆಯುವಂತೆಯೂ ಇಲ್ಲ. ಖಾಸಗಿ ಕಂಪನಿಯ ಪ್ರಮಾಣಪತ್ರ ಸರ್ಕಾರ ಕೊಟ್ಟದ್ದಲ್ಲ, ಅದನ್ನು ಇಟ್ಟುಕೊಂಡರೆ ತಪ್ಪಿಲ್ಲ.

ಅಪ್ಪನ ಹೆಸರಿಗೆ ನಿಜವಾದ ನೆಲವೇ ಆಗಬೇಕು ಎಂದರೆ ದಾರಿ ಬೇರೆ. ನಮ್ಮ ಕಡೆ ಲೆಕ್ಕ ಸೆಂಟ್‌ಗಳಲ್ಲಿ. ನೂರು ಸೆಂಟಿಗೆ ಒಂದು ಎಕರೆ, ಒಂದು ಸೆಂಟ್ ಎಂದರೆ 435.6 ಚದರಡಿ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಕೇಳಿ, ಋಣಭಾರ ಪತ್ರ ತೆಗೆಸಿ, ನೋಂದಣಿಯ ಮೇಲೆ ಮ್ಯುಟೇಶನ್ ಆಗಿ ಪಹಣಿಯಲ್ಲಿ ಹೆಸರು ಬಂತೇ ಎಂದು ನೋಡಿ. ಹಂಪಿಯ ಹತ್ತಿರದ ಜಾಗವಾದರೆ ಇನ್ನೂ ಎಚ್ಚರ ಬೇಕು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ ಇನ್ನೂರು ಮೀಟರಿಗೆ ಅನುಮತಿ ಬೇಕು. ಹಂಪಿ ಪ್ರಾಧಿಕಾರದ ನಿಯಮಗಳು ಬೇರೆಯೇ ಇವೆ. ಕಂಪ್ಲಿ ಕಡೆಯ ಗದ್ದೆಯಾಗಲಿ, ಸಂಡೂರಿನ ಹೊಲವಾಗಲಿ, ಹಿಂದೆ ತಳವಾರಿಕೆಯಂಥ ಊರ ಹುದ್ದೆಗೆ ಬಿಟ್ಟ ಇನಾಮು ಆಗಿತ್ತೇ ಎಂದು ವಿಚಾರಿಸಿ. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆಯಿಂದ ಹುದ್ದೆ ಹೋಯಿತು, ಆದರೆ ಮರುಮಂಜೂರಾದ ಜಮೀನಿನ ಷರತ್ತುಗಳನ್ನು ನೋಡದೆ ಮುಂಗಡ ಕೊಟ್ಟವರು ಕೋರ್ಟು ಅಲೆಯುತ್ತಾರೆ.

ಮಗ ಕಳಿಸಿದ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿ. ದೂರದಲ್ಲಿರುವ ಮಗ ಅಪ್ಪನನ್ನು ನೆನೆದದ್ದು ಸಣ್ಣ ಸಂಗತಿಯಲ್ಲ. ಜಮೀನಿನ ಕಾಗದಗಳಿರುವ ಟ್ರಂಕಿನಲ್ಲಿ ಮಾತ್ರ ಇಡಬೇಡಿ. ನಾಳೆ ಅಣ್ಣತಮ್ಮಂದಿರು ಭಾಗಪತ್ರ ಬರೆಸಲು ಕೂತಾಗ ಬರಹಗಾರರು ಸರ್ವೆ ನಂಬರು ಕೇಳುತ್ತಾರೆ, ಚೆಕ್ಕುಬಂದಿ ಕೇಳುತ್ತಾರೆ: ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು, ಉತ್ತರ ದಕ್ಷಿಣಕ್ಕೆ ಏನು ಎಂದು.