ಮೆಳೆಯ ಮುಳ್ಳು, ಊರಿನ ದಾಖಲೆ

ಮುಂಗಾರು ಹಿಡಿದ ಮೇಲೆ ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಕಳಲೆ ಏಳುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ಅದು ಪಲ್ಯವಾಗುತ್ತದೆ, ಉಪ್ಪಿನಕಾಯಿಯಾಗುತ್ತದೆ. ಕಾಡಿನಲ್ಲಿ ಮುಸಿಯ, ಕಾಡುಹಂದಿ, ಮುಳ್ಳುಹಂದಿ, ಮೇಯಲು ಬಂದ ದನ ಎಲ್ಲಕ್ಕೂ ಅದೇ ಬೇಕು. ಇಷ್ಟು ಬಾಯಿಗಳಿಂದ ಒಂದಷ್ಟು ಕಳಲೆಯಾದರೂ ಉಳಿದು ಗಳವಾಗಲು ಕಾರಣ, ಮೆಳೆಯ ಬುಡವನ್ನು ಬಲೆಯಂತೆ ಸುತ್ತಿಕೊಂಡ ಮುಳ್ಳುಕೊಂಬೆಗಳು. ಮುಳ್ಳಿನ ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಒಳಗೆ ಹೋದ ಕೈ ಹೊರಬರುವಾಗ ಚರ್ಮ ಕೀಳುತ್ತದೆ.

1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಕರಗುತ್ತಿತ್ತು. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಬೇಕು, ಬುಟ್ಟಿ ಹೆಣೆಯುವ ಮೇದಾರರಿಗೂ ಬೇಕು, ರೈತರ ಬೇಲಿಗೂ ಬೇಕು. ಕೊರತೆಗೆ ಯಾರು ಕಾರಣ ಎಂಬ ಜಗಳವೆದ್ದಾಗ ಬೆರಳು ಸುಲಭವಾಗಿ ಹಳ್ಳಿಗರ ಕಡೆ ತಿರುಗಿತು. ಇದರ ಅಧ್ಯಯನಕ್ಕೆ ಇಳಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್.

ಅವರಿಗೆ ದಾರಿ ತೋರಿಸಿದ್ದು ಊರವರ ಮಾತು. ಕಾರ್ಖಾನೆಗಾಗಿ ಗಳ ಕಡಿಯುವಾಗ ಮೆಳೆಯ ಬುಡದ ಮುಳ್ಳನ್ನೆಲ್ಲ ಸವರಿ ಹಾಕುವ ರೂಢಿಯಿತ್ತು. ಇಕ್ಕಟ್ಟು ತಪ್ಪಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅದರ ಹಿಂದಿದ್ದ ನಂಬಿಕೆ. ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ ಎಂದು ಹಳ್ಳಿಗರು ಹೇಳುತ್ತಿದ್ದರು. ವಿಜ್ಞಾನಿಗಳು ಆ ಮಾತನ್ನು ಹಾಗೇ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಕಾಡಿಗೆ ಹೋಗಿ ಮೆಳೆಗಳನ್ನೇ ನೋಡಿದರು, ಕಳಲೆ ಎಣಿಸಿದರು. ಲೆಕ್ಕ ಹಳ್ಳಿಗರ ಪರವಾಗಿ ನಿಂತಿತು.

ಬಾಯಿಮಾತಿಗೆ ಸರಕಾರಿ ಕಚೇರಿಯಲ್ಲಿ ಬೆಲೆಯಿಲ್ಲ. ಎಣಿಸಿ ಬರೆದ ಪಟ್ಟಿಗೆ ಇದೆ. ಆದರೆ ಎಲ್ಲಿ ಎಣಿಸಬೇಕು ಎಂಬುದು ಪ್ರಯೋಗಾಲಯದಲ್ಲಿ ಕುಳಿತವರಿಗೆ ಹೊಳೆಯುವಂಥದ್ದಲ್ಲ. ಕೆಲವು ಸಂಗತಿಗಳಂತೂ ಎಣಿಸಲು ಹೋದವರ ಕಣ್ಣಿಗೇ ಬೀಳುವುದಿಲ್ಲ. ಹೆಬ್ಬಿದಿರು ಜೀವಮಾನದಲ್ಲಿ ಹೂಬಿಡುವುದು ಒಮ್ಮೆ ಮಾತ್ರ, ಅದೂ ಹಲವು ದಶಕ ಕಾದು; ಆಮೇಲೆ ಮೆಳೆಗೆ ಮೆಳೆಯೇ ಒಣಗುತ್ತದೆ. ಎರಡು ವರ್ಷದ ಯೋಜನೆ ಹಿಡಿದು ಬಂದ ಸಂಶೋಧಕರು ಅದನ್ನು ಎಲ್ಲಿಂದ ಕಂಡಾರು? ಆಗ ಉದುರಿದ ಬಿದಿರಕ್ಕಿ ಆಯ್ದು ಉಂಡ ಅಜ್ಜಿಗೆ ಅದು ನೆನಪಿದೆ.

ಇಂಥ ತಿಳಿವಳಿಕೆಯನ್ನು ಊರೂರಲ್ಲಿ ಬರೆದಿಡುವ ಕೆಲಸ 1990ರ ದಶಕದಲ್ಲಿ ದೊಡ್ಡದಾಗಿ ನಡೆಯಿತು. ಅದರ ಹೆಸರು ಜನತಾ ಜೀವವೈವಿಧ್ಯ ದಾಖಲಾತಿ. 1996ರಿಂದ 1998ರೊಳಗೆ ಹಲವು ರಾಜ್ಯಗಳ 52 ಕಡೆ ದಾಖಲೆಗಳು ಸಿದ್ಧವಾದವು. ಕಾಲೇಜಿನ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸ್ವಯಂಸೇವಾ ಸಂಘಗಳು ಮತ್ತು ಊರಿನ ಜನ ಕೂಡಿ ಮಾಡಿದ ಕೆಲಸವದು. ಯಾವ ಗಿಡ ಕಡಿಮೆಯಾಯಿತು, ಯಾವ ಮೀನು ಈಗ ಬಲೆಗೆ ಬೀಳುತ್ತಿಲ್ಲ, ಯಾಕೆ, ಮುಂದೆ ಏನಾಗಬೇಕೆಂದು ಊರಿನ ಆಸೆ ಎಂಬುದೆಲ್ಲ ಅದರಲ್ಲಿ ಸೇರಬೇಕಿತ್ತು. 2002ರ ಜೀವವೈವಿಧ್ಯ ಕಾಯ್ದೆಯ ಮೂಲಕ ಈ ಕೆಲಸ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಪಾಲಿಗೆ ಬಂತು.

ಕಾನೂನು ಬಂದ ಮೇಲೆ ಕೆಲಸ ಹಗುರಾಗಲಿಲ್ಲ. ಎಷ್ಟೋ ಕಡೆ ಬಹಳ ಕಾಲ ಸಮಿತಿಗಳೇ ಆಗಲಿಲ್ಲ. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದಾಗ ರಾಜ್ಯಗಳು ಗಡಿಬಿಡಿಗೆ ಬಿದ್ದವು. ಊರಿನವರನ್ನು ಕೂರಿಸಿಕೊಂಡು ಕೇಳಬೇಕಾದ ಕೆಲಸ ಗಡಿಬಿಡಿಯಲ್ಲಿ ಆಗುವಂಥದ್ದಲ್ಲ. ನಾಟಿ ವೈದ್ಯರು ಹೊಸಬರ ಮುಂದೆ ಗಿಡದ ಹೆಸರು ಹೇಳುವುದಿಲ್ಲ, ಹೇಳಲೇಬೇಕೆಂದು ಒತ್ತಾಯಿಸುವ ಹಕ್ಕೂ ಯಾರಿಗಿಲ್ಲ. ನಾಲ್ಕಾರು ಸಲ ಜಗಲಿಯಲ್ಲಿ ಕೂತು ಕವಳ ಹಾಕಿದ ಮೇಲೆ ಮಾತು ಬಿಚ್ಚುತ್ತದೆ. ಹತ್ತಿರದ ಕಾಲೇಜಿನ ಹುಡುಗರು ಇಲ್ಲಿ ಅನಿವಾರ್ಯವಾಗುವುದು ಅದಕ್ಕೇ: ಅವರು ಅದೇ ಬಸ್ಸಿನಲ್ಲಿ ಮತ್ತೆ ಬರುತ್ತಾರೆ.

ಊರಿನವರನ್ನೇ ಕೇಳಬೇಕಾದ್ದು ಎಂಥದ್ದು ಎಂಬುದಕ್ಕೆ ಶಿರಸಿ, ಸಿದ್ದಾಪುರದ ಕಡೆ ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿಯ ವಿಚಾರವನ್ನೇ ನೋಡಬಹುದು. ಸಸ್ಯಶಾಸ್ತ್ರದ ಪಟ್ಟಿಯಲ್ಲಿ ಅದು ಬರಿಯ ಮಾವು. ಊರಿನಲ್ಲಿ ಮರಮರಕ್ಕೂ ಬೇರೆ ಗುರುತು. ಒಂದರ ಸೊನೆಗೆ ಜೀರಿಗೆಯ ಪರಿಮಳ, ಮತ್ತೊಂದು ಭರಣಿಯಲ್ಲಿ ವರ್ಷಗಟ್ಟಲೆ ಕೆಡದು, ಇನ್ನೊಂದಕ್ಕೆ ಮನುಷ್ಯರದ್ದೇ ಹೆಸರು: ಅನಂತಭಟ್ಟನ ಅಪ್ಪೆ. ಮಿಡಿಗಾಗಿ ಕೊಂಬೆಯನ್ನೇ ಕಡಿದರೆ ಮರ ಸೊರಗುತ್ತದೆ. ಹೊಳೆಯಂಚಿನ ಯಾವ ಮರ, ಅದರ ಕಸಿ ಯಾರ ತೋಟದಲ್ಲಿದೆ, ಈ ಸಲ ಮಿಡಿ ಇಳಿಸಿದವರು ಯಾರು ಎಂಬುದು ದಾಖಲೆಯ ಪುಟದಲ್ಲಿ ಬರಬೇಕಾದ ಸಾಲುಗಳು. ಅವನ್ನು ಹೇಳಬಲ್ಲವರು ಮರ ಹತ್ತುವವರು.