ಒಂದೇ ಮನೆ, ಎರಡು ದುಡಿಮೆ, ಒಂದೇ ಮುದ್ದೆ?

ಐರ್ಲೆಂಡಿನ ಹಳ್ಳಿಗಳ ಹಲವು ರೈತರ ಮನೆಗಳಲ್ಲಿ 'ಡಿನ್ನರ್' ಅಂದ್ರೆ ಮಧ್ಯಾಹ್ನದ ಊಟ. ಬೆಳಿಗ್ಗೆ ಹಾಲು ಕರೆದು, ಕೊಟ್ಟಿಗೆ ಕೆಲಸ ಮುಗಿಸಿದವರಿಗೆ ಗಟ್ಟಿ ಊಟ ಬೇಕಾಗುವುದು ಆಗಲೇ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬೀಳುವ ಮೊದಲು, ಇಲ್ಲಿನ ಕೂಲಿಯಾಳು ದಿನಕ್ಕೆ ಸುಮಾರು 5 ಕಿಲೋ ಆಲೂಗಡ್ಡೆ ತಿಂದು ಮಜ್ಜಿಗೆ ಕುಡಿಯುತ್ತಿದ್ದ. ಕೇಳಿದರೆ ಅಬ್ಬಾ ಅನ್ನಿಸುತ್ತೆ. ಆದರೆ ದಿನವಿಡೀ ನೆಲ ಅಗೆಯುವ ಮೈಗೆ ಅದೆಲ್ಲ ಬೇಕಿತ್ತು.

ನಮ್ಮ ಕಡೆಯೂ ಹಾಗೇ. ಮಂಡ್ಯ, ಹಾಸನದಲ್ಲಿ ನೇಗಿಲು ಹಿಡಿದವರಿಗೆ ರಾಗಿಮುದ್ದೆ, ಸೊಪ್ಪಿನ ಸಾರು. ಉತ್ತರ ಕರ್ನಾಟಕದಲ್ಲಿ ಹೊಲಕ್ಕೆ ಬುತ್ತಿ ಒಯ್ಯುವವರಿಗೆ ಬೇಗ ಕೆಡದ ಜೋಳದ ರೊಟ್ಟಿ, ಚಟ್ನಿಪುಡಿ. ಎಷ್ಟು ತಿನ್ನಬೇಕು, ಯಾವಾಗ ತಿನ್ನಬೇಕು ಅನ್ನೋದನ್ನ ದುಡಿಮೆಯೇ ಹೇಳುತ್ತಿತ್ತು.

ನಾವು ಲೆಕ್ಕ ಬರೆಯುವವರು, ಜಮಾ-ಖರ್ಚು ತಾಳೆಯಾಗಬೇಕು ಅನ್ನುವವರು. ಇಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರು ಎಂಟು ಗಂಟೆ ಕುರ್ಚಿ ಮೇಲೆ, ಇನ್ನೊಬ್ಬರು ನರ್ಸಿಂಗ್ ಹೋಮಿನಲ್ಲಿ ಹನ್ನೆರಡು ಗಂಟೆ ಕಾಲ ಮೇಲೆ. ರಾತ್ರಿ ಒಂಬತ್ತಕ್ಕೆ ಇಬ್ಬರಿಗೂ ಅಷ್ಟೇ ಬಡಿಸಿದರೆ ಲೆಕ್ಕ ಹೇಗೆ ತಾಳೆಯಾದೀತು? ಕುರ್ಚಿಯವರಲ್ಲಿ ಉಳಿದದ್ದು ಹೊಟ್ಟೆಯ ಸುತ್ತ ಜಮೆಯಾಗುತ್ತದೆ. ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಸಕ್ಕರೆ ಕಾಯಿಲೆಯ ಅಪಾಯ ಮೊದಲೇ ಹೆಚ್ಚು.

ಮುದ್ದೆ ಬಿಡಬೇಕಿಲ್ಲ. ಕೂತು ದುಡಿಯುವವರು ಮುದ್ದೆ ಸಣ್ಣದು ಮಾಡಿ ಸೊಪ್ಪು-ಕಾಳು ಹೆಚ್ಚು ಹಾಕಿಕೊಳ್ಳಲಿ, ದೊಡ್ಡ ಊಟ ಮಧ್ಯಾಹ್ನವೇ ಮುಗಿಸಲಿ. ರಾತ್ರಿ ಪಾಳಿಯವರು ಹೊರಡುವ ಮುಂಚೆ ಸರಿಯಾಗಿ ಉಂಡು, ನಡುರಾತ್ರಿಗೆ ಹಗುರವಾದದ್ದು ಒಯ್ಯಲಿ. ಬಡಿಸುವ ಮುಂಚೆ ಒಂದು ಮಾತು ಕೇಳೋಣ: ಇವತ್ತು ಮೈ ಎಷ್ಟು ದುಡಿಯಿತು?