ಕೆರೆಗೆ ಬರುವ ಚಮಚ ಕೊಕ್ಕಿನ ಹಕ್ಕಿ

ಬೆಳಗಿನ ಹೊತ್ತು ಕೆರೆಯ ಅಂಚಿನಲ್ಲಿ, ಬೆಳ್ಳಕ್ಕಿಗಳ ನಡುವೆ ಅವುಗಳಿಗಿಂತ ದೊಡ್ಡದಾದ ಬಿಳಿ ಹಕ್ಕಿಯೊಂದು ತಲೆ ತಗ್ಗಿಸಿ, ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಬೀಸುತ್ತಾ ನಡೆಯುವುದನ್ನು ನೀವು ಕಂಡಿರಬಹುದು. ಅದರ ಕೊಕ್ಕಿನ ತುದಿ ಸೌಟಿನಂತೆ ಅಗಲವಾಗಿ ಚಪ್ಪಟೆಯಾಗಿದ್ದರೆ ಅದೇ ಚಮಚ ಕೊಕ್ಕಿನ ಹಕ್ಕಿ. ಇದು ಕಾಳು ತಿನ್ನುವುದಿಲ್ಲ. ಆದರೆ ನಾವು ಕೆರೆಯನ್ನು ಬಳಸುವ ರೀತಿಯಿಂದ ಇದಕ್ಕೆ ಹಾನಿಯಾಗಬಹುದು. ಅದು ಹೇಗೆಂದು ತಿಳಿಯಬೇಕಾದರೆ ಇದರ ಜೀವನಕ್ರಮವನ್ನು ಅರಿಯಬೇಕು.

ಗುರುತಿಸುವುದು ಹೇಗೆ?

ಬೆಳೆದ ಹಕ್ಕಿಯ ಉದ್ದ 80 ರಿಂದ 90 ಸೆಂ.ಮೀ. ಮೈ ಬಿಳುಪು, ಕಾಲು ಕಪ್ಪು, ಕೊಕ್ಕೂ ಕಪ್ಪು. ಕೊಕ್ಕಿನ ತುದಿ ಮಾತ್ರ ಹಳದಿ. ಮರಿ ಮಾಡುವ ಕಾಲದಲ್ಲಿ ತಲೆಯ ಹಿಂದೆ ಜುಟ್ಟು ಮೂಡುತ್ತದೆ, ಎದೆಯ ಮೇಲೆ ಹಳದಿ ಛಾಯೆ ಬರುತ್ತದೆ. ಹಾರುವಾಗ ಬೆಳ್ಳಕ್ಕಿ ಕತ್ತನ್ನು ಮಡಚಿಕೊಳ್ಳುತ್ತದೆ. ಇದು ಕತ್ತನ್ನು ನೀಳವಾಗಿ ಮುಂದೆ ಚಾಚಿಕೊಂಡು ಹಾರುತ್ತದೆ.

ಆಹಾರ ಹುಡುಕುವ ಕ್ರಮ

ಬೆಳ್ಳಕ್ಕಿ ಕಣ್ಣಿನಿಂದ ನೋಡಿ ಬೇಟೆ ಹಿಡಿಯುತ್ತದೆ. ಚಮಚ ಕೊಕ್ಕಿನ ಹಕ್ಕಿ ಮುಖ್ಯವಾಗಿ ಸ್ಪರ್ಶದಿಂದ ಹಿಡಿಯುತ್ತದೆ. ಕೊಕ್ಕನ್ನು ಸ್ವಲ್ಪ ತೆರೆದು, ನೀರಿನಲ್ಲಿ ಮುಳುಗಿಸಿ, ಕುಡುಗೋಲು ಬೀಸಿದಂತೆ ಬೀಸುತ್ತಾ ಮುಂದೆ ಸಾಗುತ್ತದೆ. ಕೊಕ್ಕಿನ ಒಳಭಾಗಕ್ಕೆ ಏನಾದರೂ ತಗುಲಿದ ಕೂಡಲೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಹೀಗಾಗಿ ಬಗ್ಗಡ ನೀರಿನಲ್ಲಿಯೂ, ರಾತ್ರಿಯಲ್ಲಿಯೂ ಇದು ಮೇಯಬಲ್ಲದು. ಸಣ್ಣ ಮೀನು, ಸಿಗಡಿ, ಗೊದಮೊಟ್ಟೆ, ಕಪ್ಪೆ, ಬಸವನಹುಳು ಮತ್ತು ನೀರಿನ ಕೀಟಗಳು ಇದರ ಆಹಾರ.

ಕಾಲೂರಿ ನಡೆಯಬೇಕಾದ್ದರಿಂದ ಸುಮಾರು ಒಂದು ಅಡಿಗಿಂತ ಕಡಿಮೆ ಆಳದ ನೀರೇ ಇದಕ್ಕೆ ಬೇಕು. ಕೆರೆ ತುಂಬಿದ್ದರೂ ಅಂಚು ಕಡಿದಾಗಿದ್ದರೆ ಈ ಹಕ್ಕಿಗೆ ಅಲ್ಲಿ ಮೇವಿಲ್ಲ.

ಗೂಡು ಮತ್ತು ಮರಿ

ಇವು ಬೇರೆ ನೀರುಹಕ್ಕಿಗಳ ಜೊತೆಯಲ್ಲಿ ಗುಂಪಾಗಿ, ನೀರಿನ ಬಳಿಯ ಮರಗಳಲ್ಲಿ ಕಡ್ಡಿಗಳಿಂದ ಗೂಡು ಕಟ್ಟುತ್ತವೆ. ಸಾಮಾನ್ಯವಾಗಿ 3 ಅಥವಾ 4 ಮೊಟ್ಟೆ ಇಡುತ್ತವೆ. ಗಂಡು ಹೆಣ್ಣು ಎರಡೂ ಸರದಿಯಂತೆ ಮೂರು ವಾರಗಳಿಗೂ ಹೆಚ್ಚು ಕಾಲ ಕಾವು ಕೊಡುತ್ತವೆ. ಮರಿಗಳು ಹಾರಲು ಸುಮಾರು ಏಳು ವಾರ ಬೇಕು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಇವು ಮರಿ ಮಾಡುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಈ ಸ್ಥಳ 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ವಿಷದ ಅಪಾಯ

ಹೊಲದ ಕೀಟನಾಶಕ ಮಳೆನೀರಿನೊಡನೆ ಕೆರೆಗೆ ಇಳಿಯುತ್ತದೆ. ಕೆಲವು ವಿಷಗಳು ಕೀಟದಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಸೇರಿ ಶೇಖರವಾಗುತ್ತವೆ. ನೆದರ್ಲೆಂಡ್ ದೇಶದಲ್ಲಿ 1960ರ ದಶಕದಲ್ಲಿ ಈ ಹಕ್ಕಿಗಳು ಸುಮಾರು 150 ಜೋಡಿಗೆ ಇಳಿದುದಕ್ಕೆ ಇಂಥ ವಿಷವೂ ಒಂದು ಕಾರಣ. ವಿಷ ಕಡಿಮೆಯಾಗಿ, ರಕ್ಷಣೆ ದೊರೆತ ಮೇಲೆ ಅವು ಮತ್ತೆ ಹೆಚ್ಚಿದವು. ಅದೇ ಕೆರೆಯ ನೀರನ್ನು ನಮ್ಮ ದನಗಳೂ ಕುಡಿಯುತ್ತವೆ ಎಂಬುದನ್ನು ಮರೆಯಬಾರದು.

ನೀವು ಮಾಡಬಹುದಾದದ್ದು

1. ಹೂಳೆತ್ತುವಾಗ ಕೆರೆಯ ನಡುಭಾಗವನ್ನು ಆಳ ಮಾಡಿ. ನೀರು ಬರುವ ಕಡೆಯ ಅಂಚನ್ನು ಇಳಿಜಾರಾಗಿಯೇ ಬಿಡಿ.

2. ಸಿಂಪಡಿಸುವ ಯಂತ್ರವನ್ನು, ಔಷಧದ ಡಬ್ಬಿಗಳನ್ನು ಕೆರೆಯಲ್ಲಾಗಲಿ ಕಾಲುವೆಯಲ್ಲಾಗಲಿ ತೊಳೆಯಬೇಡಿ.

3. ಕೆರೆಯಂಗಳದ ಜಾಲಿ ಮರಗಳನ್ನು ಉಳಿಸಿ. ಗೂಡುಗಳಿರುವಾಗ ಸಮೀಪಕ್ಕೆ ಹೋಗಬೇಡಿ. ತಾಯಿಹಕ್ಕಿ ಎದ್ದರೆ ಕಾಗೆಗಳು ಮೊಟ್ಟೆಯನ್ನು ಕೊಂಡೊಯ್ಯುತ್ತವೆ.

4. ಹರಿದ ಬಲೆ, ಗಾಳದ ದಾರಗಳನ್ನು ಅಂಚಿನಲ್ಲಿ ಎಸೆಯಬೇಡಿ.

5. ಕೆರೆಯಲ್ಲಿ ಮೀನು ಸಾಕುವವರು ಮರಿಗಳನ್ನು ಅಂಚಿನಲ್ಲಿ ಬಿಡದೆ ಆಳದ ನೀರಿಗೆ ಬಿಡಬೇಕು. ಈ ಹಕ್ಕಿ ಕೆಲವು ಮರಿಗಳನ್ನು ಹಿಡಿಯುವುದುಂಟು. ಆಳದ ನೀರಿನಲ್ಲಿರುವವು ಇದಕ್ಕೆ ಎಟುಕುವುದಿಲ್ಲ.

ಚಮಚ ಕೊಕ್ಕಿನ ಹಕ್ಕಿ ನಿಮ್ಮ ಕೆರೆಯಲ್ಲಿ ಮೇಯುತ್ತಿದ್ದರೆ ಅಲ್ಲಿನ ಅಂಚಿನಲ್ಲಿ ಮೀನು, ಕಪ್ಪೆ, ಕೀಟಗಳು ಇನ್ನೂ ಬದುಕಿವೆ ಎಂದು ತಿಳಿಯಬಹುದು. ಹಿಂದೆ ಬರುತ್ತಿದ್ದ ಹಕ್ಕಿ ಬರುವುದನ್ನು ನಿಲ್ಲಿಸಿದರೆ, ಕೆರೆಗೆ ಏನಾಗಿದೆ ಎಂದು ಒಮ್ಮೆ ಹೋಗಿ ನೋಡುವುದು ಒಳ್ಳೆಯದು.